ಮುಖವಿಲ್ಲದ ಬಿಲ್ಲೆ

"ಮುಖ ಇಲ್ಲದ್ದನ್ನ ಮನೆಗೆ ತಗೊಂಡು ಹೋಗ್ಬೇಡಿ ಸಾರ್. ಅಚ್ಚು ಒತ್ತಿಸ್ಕೊಂಡು ಹೋಗಿ."

ಕಾರ್ಖಾನೆಯಲ್ಲಿ ಅಚ್ಚು ಒತ್ತುವ ಅಚ್ಚಜ್ಜಿ ಅವನ ಮಣಿಕಟ್ಟು ಹಿಡಿದುಕೊಂಡಿದ್ದಳು. ಬಿಡುವ ಲಕ್ಷಣ ಕಾಣಲಿಲ್ಲ. ಸಾಬೂನು ಒಣಗಿಸುವ ಆ ಕೋಣೆಗೆ ಕಿಟಕಿಯಿಲ್ಲ. ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ ನಡುಮಧ್ಯಾಹ್ನವೂ ಕತ್ತಲು. ನೆಲದಿಂದ ಸೂರಿನವರೆಗೆ ಮರದ ಹಲಗೆಗಳು, ಹಲಗೆಗಳ ಮೇಲೆ ಸಾಲುಸಾಲು ಬಿಲ್ಲೆಗಳು. ಕೊಬ್ಬು, ಕಾಸ್ಟಿಕ್ ಸೋಡಾ, ಎರಡನ್ನೂ ಮುಚ್ಚಲು ಸುರಿದ ಹೂವಿನ ಸೆಂಟು, ಮೂರೂ ಸೇರಿ ಗಂಟಲಲ್ಲಿ ಕೂತುಬಿಡುವ ವಾಸನೆ. ಎಲ್ಲ ಬಿಲ್ಲೆಗಳ ಮೇಲೂ ಒಂದೇ ಮುಖ: ಎರಡು ಜಡೆ, ಗಲ್ಲದ ಮೇಲೊಂದು ಮಚ್ಚೆ, ಏಳೆಂಟು ವರ್ಷದ ಹುಡುಗಿ. ಪುಟ್ಟಕ್ಕ ಸಾಬೂನಿನ ಪುಟ್ಟಕ್ಕ. ಅವನ ಕೈಯಲ್ಲಿದ್ದ ಬಿಲ್ಲೆ ಮಾತ್ರ ಬೋಳಾಗಿತ್ತು.

"ಅಚ್ಚು ಒತ್ತಿದ್ರೆ ನನ್ನ ಕೆಲಸ ಕೆಟ್ಟಿತಲ್ಲ ಅಜ್ಜಿ," ಎಂದ ಅವನು. "ಹೆಸರಿಲ್ಲದ್ದೇ ಬೇಕಾಗಿರೋದು ನಂಗೆ."

"ಅದು ಮುಖ ಹುಡುಕುತ್ತೆ."

"ಹುಡುಕಿದ್ರೆ ನಂದೇ ಕೊಡ್ತೀನಿ ಬಿಡಿ. ಈ ಮುಖಾನ ಬೇರೆ ಯಾರೂ ತಗೊಳಲ್ಲ ಅಂತ ನನ್ ಹೆಂಡ್ತಿ ದಿನಾ ಹೇಳ್ತಾಳೆ."

ಹಿಂದೆ ನಿಂತಿದ್ದ ಮಾಲೀಕ ಹೊಟ್ಟೆ ಕುಲುಕಿಸಿ ನಕ್ಕ. ಅಜ್ಜಿ ನಗಲಿಲ್ಲ. ಕೈ ಬಿಟ್ಟು, ಸೆರಗಿನಿಂದ ತನ್ನ ಗಲ್ಲ ಮುಚ್ಚಿಕೊಂಡು ಕತ್ತಲೊಳಗೆ ಸರಿದಳು.

ಅವನ ಕೆಲಸವೇ ವಿಚಿತ್ರದ್ದು. ಕಣ್ಣಿಗೆ ಕಾಣುವ ವಸ್ತುವಿಗೆ ಬೆಲೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅವನು ಕಾಣದ್ದಕ್ಕೆ ಬೆಲೆ ಕಟ್ಟುವವನು. ಅದಕ್ಕೇ ಅವನು ಬಂದ ದಿನವೇ ಕಾರ್ಖಾನೆಯವರು ಅವನಿಗೆ ಬೆಲೆಯಪ್ಪ ಎಂದು ಹೆಸರಿಟ್ಟಿದ್ದರು. ಕಾರ್ಖಾನೆ ಮಾರಾಟಕ್ಕಿತ್ತು. ಕೊಳ್ಳಲು ಬಂದ ದೊಡ್ಡ ಕಂಪನಿಗೆ ತುಕ್ಕು ಹಿಡಿದ ಕೊಪ್ಪರಿಗೆಗಳೂ ಬೇಕಿರಲಿಲ್ಲ, ಸೋರುವ ಸೂರೂ ಬೇಕಿರಲಿಲ್ಲ. ಬೇಕಾದದ್ದು ಪುಟ್ಟಕ್ಕ ಎಂಬ ಹೆಸರು, ಆ ಮುಖ. ಆದರೆ ಮನೆಯಲ್ಲೇ ಹುಟ್ಟಿ ಬೆಳೆದ ಹೆಸರು ಕಾರ್ಖಾನೆಯ ಆಸ್ತಿಪಟ್ಟಿಯಲ್ಲಿ ಇರುವುದಿಲ್ಲ. ಬಾಗಿಲ ಬಳಿಯ ಮುರುಕು ಬೆಂಚಿಗೂ ಅಲ್ಲೊಂದು ಸಾಲಿದೆ, ಅರವತ್ತು ವರ್ಷ ಅನ್ನ ಹಾಕಿದ ಹೆಸರಿಗಿಲ್ಲ.

ಹಾಗಾಗಿ ಬೆಲೆಯಪ್ಪನದೊಂದು ಪದ್ಧತಿಯಿತ್ತು. ಅದೇ ಕೊಪ್ಪರಿಗೆಯ ಅದೇ ಸಾಬೂನು. ಒಂದಕ್ಕೆ ಮುಖವಿದೆ, ಒಂದಕ್ಕಿಲ್ಲ. ಇಪ್ಪತ್ತು ಮನೆಗಳಿಗೆ ಎರಡನ್ನೂ ಕೊಟ್ಟು, ಜನ ಯಾವುದನ್ನು ಎತ್ತಿಕೊಳ್ಳುತ್ತಾರೆ, ಎಷ್ಟು ಹೆಚ್ಚು ಕೊಡಲು ಒಪ್ಪುತ್ತಾರೆ ಎಂದು ನೋಡುವುದು. ಆ ವ್ಯತ್ಯಾಸವೇ ಹೆಸರಿನ ಬೆಲೆ. ಇಪ್ಪತ್ತು ಮನೆಗಿಂತ ಮೊದಲು ತನ್ನ ಮನೆಯಲ್ಲೇ ಒಮ್ಮೆ ನೋಡಿಬಿಡುವುದು ಅವನ ಹಳೆಯ ಅಭ್ಯಾಸ.

ಹೇಳಿ ಮಾಡಿಸಿದರೆ ಅದು ಪರೀಕ್ಷೆಯೇ ಅಲ್ಲ. ಹಾಗಾಗಿ ಯಾರಿಗೂ ಹೇಳದೆ ಬಚ್ಚಲಿನ ತಟ್ಟೆಯಲ್ಲಿ ಎರಡೂ ಬಿಲ್ಲೆ ಪಕ್ಕಪಕ್ಕ ಇಟ್ಟ. ಅವನದಂತೂ ತುರಿಕೆಗೆ ಡಾಕ್ಟರು ಕೊಟ್ಟ ಬೇರೆ ಸಾಬೂನು. ಬೆಳಿಗ್ಗೆ ಹೆಂಡತಿ ಯೋಚಿಸದೆ ಪುಟ್ಟಕ್ಕನನ್ನು ಎತ್ತಿಕೊಂಡಳು. ಆಮೇಲೆ ಬಟಾಣಿ ಹೋದಳು. ಬಟಾಣಿ ಅವನ ಆರು ವರ್ಷದ ಮಗಳು; ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಅವನೇ ಇಟ್ಟ ಹೆಸರು. ಮುಂದಿನ ಹಲ್ಲು ಬಿದ್ದಿದ್ದರಿಂದ ಅವಳ ಮಾತೆಲ್ಲ ಆ ಸಂದಿಯಿಂದ ಸೀಟಿಯಾಗಿ ಹೊರಬೀಳುತ್ತಿತ್ತು.

"ಅಪ್ಪಾ, ಬೋಳು ಸಾಬೂನು ನಂದು!" ಎಂದು ಒಳಗಿನಿಂದ ಕೂಗಿದಳು.

"ಯಾಕೆ ಬಂಗಾರ?"

"ಇದರ ಮೇಲೆ ಯಾರೂ ಇಲ್ಲ. ಪಾಪ ಅಲ್ವಾ?"

ಬೆಲೆಯಪ್ಪ ನಗುತ್ತ ಪುಸ್ತಕದಲ್ಲಿ ಬರೆದುಕೊಂಡ: ಹೆಸರಿಲ್ಲದ್ದನ್ನು ಆರಿಸಿದವರು ಒಬ್ಬರು. ಕಾರಣ: ಕನಿಕರ.

ಸಂಜೆ ಬಿಲ್ಲೆಯಲ್ಲಿ ಎರಡು ಕುಳಿ ಬಿದ್ದಿದ್ದವು. ಮಗುವಿನ ಹೆಬ್ಬೆರಳು ಒತ್ತಿರಬೇಕು ಎಂದುಕೊಂಡ. ಮರುದಿನ ಕುಳಿಗಳ ಕೆಳಗೊಂದು ಸಣ್ಣ ಉಬ್ಬು, ಅದರ ಕೆಳಗೊಂದು ಗೀರು. ಪುಟ್ಟಕ್ಕನ ಗೆರೆಗಳು ಆಗಲೇ ಸವೆದಿದ್ದವು. ಬೋಳು ಬಿಲ್ಲೆ ಒಂದು ಎಳೆಯೂ ಸವೆದಿರಲಿಲ್ಲ. ಮೂಸಿದ. ಹೂವಿನ ಸೆಂಟು ಹೋಗಿ, ಬಿಸಿಲಲ್ಲಿ ಆಡಿ ಬಂದ ಮಗುವಿನ ನೆತ್ತಿಯ ವಾಸನೆ ಬರುತ್ತಿತ್ತು. ಅವನಿಗೆ ಯಾಕೋ ಮೈ ಜುಮ್ಮೆಂದಿತು, ಆದರೂ ತಟ್ಟೆಯಲ್ಲೇ ಇಟ್ಟ. ಓದಿದವನಲ್ಲವೇ, ಹೆದರುವುದಕ್ಕೂ ನಾಚಿಕೆ.

ಅವತ್ತು ಶಾಲೆಯಿಂದ ಕರೆತರುವಾಗ ದಾರಿಯಲ್ಲಿ ಮೂವರು ತಡೆದು ಮಾತಾಡಿಸಿದರು. ಬಸ್ಸಿನ ಕಂಡಕ್ಟರ್, ಹಣ್ಣಿನ ಗಾಡಿಯವಳು, ಯಾರೋ ಮುದುಕ. ಮೂವರದೂ ಒಂದೇ ಮಾತು: "ಈ ಮಗೂನ ಎಲ್ಲೋ ನೋಡಿದೀನಲ್ಲ!" ಬೆಲೆಯಪ್ಪನಿಗೆ ಹೆಮ್ಮೆಯೆನಿಸಿತು. ಶಾಲೆಯ ಗೇಟಿನ ಬಳಿ ಕ್ಲಾಸ್ ಟೀಚರ್ ಮಗುವನ್ನೂ ಅವನನ್ನೂ ನೋಡಿ "ಹೊಸ ಅಡ್ಮಿಷನ್ನಾ ಸಾರ್?" ಎಂದು ಕೇಳಿದ್ದು ಮಾತ್ರ ತಮಾಷೆ ಎನಿಸಲಿಲ್ಲ. ಎರಡು ವರ್ಷದಿಂದ ಅದೇ ಟೀಚರ್. ರಾತ್ರಿ ಊಟಕ್ಕೆ ಹೆಂಡತಿ ಎರಡೇ ತಟ್ಟೆ ಹಾಕಿದಳು.

"ಮೂರನೇದು?" ಎಂದ.

"ಯಾರಾದ್ರೂ ಬರ್ತಾರಾ?" ಎಂದು ಕೇಳಿದಳು ಅವಳು. ಆಮೇಲೆ ಹಣೆ ಒತ್ತಿಕೊಂಡು, "ಅಯ್ಯೋ, ನನ್ ತಲೆ ಕೆಟ್ಟಿದೆ," ಎಂದು ಎದ್ದು ಹೋಗಿ ಇನ್ನೊಂದು ತಟ್ಟೆ ತಂದಳು.

ಮೂರನೆಯ ದಿನ ಮಧ್ಯಾಹ್ನ ಅವನು ಮನೆಗೆ ಬಂದಾಗ ಬಟಾಣಿ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಕೂದಲು ಇನ್ನೂ ಒದ್ದೆಯಿತ್ತು. ಅತ್ತು ಅತ್ತು ಬಿಕ್ಕಳಿಕೆ ಹತ್ತಿತ್ತು. ಬಾಗಿಲಲ್ಲಿ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನೋಡ್ರೀ, ಯಾರದೋ ಮಗು. ಒಳಗೆ ಬಂದು ಸ್ನಾನ ಬೇರೆ ಮಾಡಿದೆ. ಅಮ್ಮ ಅಮ್ಮ ಅಂತ ಸೆರಗು ಬಿಡ್ತಾ ಇಲ್ಲ. ಪಾಪ, ಅವರ ಮನೇಲಿ ಎಷ್ಟು ಹುಡುಕ್ತಾ ಇದಾರೋ. ಬಿಟ್ಟು ಬನ್ನಿ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಪರರ ಮಗುವಿನ ಮೇಲೆ ಇರುವಷ್ಟು ಕರುಣೆ ಇತ್ತು, ಅಷ್ಟೇ. ಬೆಲೆಯಪ್ಪ ಅವಳನ್ನು ದಾಟಿ ಬಚ್ಚಲಿಗೆ ನುಗ್ಗಿದ. ತಟ್ಟೆಯಲ್ಲಿ ಬಿಲ್ಲೆ ಅವನತ್ತ ಮುಖ ಮಾಡಿ ಮಲಗಿತ್ತು. ಗುಂಡುಮೂಗು. ಕೆದರಿದ ಮುಂಗೂದಲು. ನಗುವ ಬಾಯಿಯಲ್ಲಿ ಒಂದು ಹಲ್ಲಿನ ಸಂದಿ.

ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಮಗುವಿನ ಕೈ ಹಿಡಿದು ಬಸ್ಸು ಹತ್ತಿದ. ಎರಡು ನಿಲ್ದಾಣ ದಾಟಿರಬೇಕು. ಪಕ್ಕದಲ್ಲಿ ಯಾರೋ ಹುಡುಗಿ ತನ್ನ ಬೆರಳು ಹಿಡಿದು ಕೂತಿದ್ದಾಳೆ, ಒಳ್ಳೆಯ ಮಗು, ಯಾರದಿರಬಹುದು? ಹಾಗೆಂದುಕೊಂಡವನೇ ಬೆಚ್ಚಿಬಿದ್ದ. ಜೇಬಿನ ಪೆನ್ನು ತೆಗೆದು ಎಡ ಅಂಗೈ ಮೇಲೆ ಬರೆದುಕೊಂಡ: ನನ್ನ ಮಗಳು. ಕಾರ್ಖಾನೆ ಮುಟ್ಟುವವರೆಗೂ ಅದನ್ನು ಓದುತ್ತಲೇ ಇದ್ದ. ಓದುವುದನ್ನು ನಿಲ್ಲಿಸಿದರೆ ಮರೆವು ಬಂದು ಕೂರುತ್ತಿತ್ತು.

ಒಣಗಿಸುವ ಕೋಣೆಯಲ್ಲಿ ಅಚ್ಚಜ್ಜಿ ಒಬ್ಬಳೇ ಇದ್ದಳು. ಕರವಸ್ತ್ರ ಬಿಚ್ಚಿ ನೋಡಿದಳು, ಮಗುವನ್ನು ನೋಡಿದಳು. ಅವನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ನಾನ್ ಹೇಳಿದ್ದೆ," ಎಂದಳಷ್ಟೇ.

"ಏನಿದು ಅಜ್ಜಿ? ಕಾಲಿಗೆ ಬೀಳ್ತೀನಿ, ಏನು ಅಂತ ಹೇಳಿ."

ಅಜ್ಜಿ ಗಲ್ಲದಿಂದ ಸೆರಗು ಸರಿಸಿದಳು. ಸುಕ್ಕುಗಳ ನಡುವೆ ಒಂದು ಮಚ್ಚೆ. ಹಲಗೆಗಳ ಮೇಲಿನ ಸಾವಿರ ಮುಖಗಳಲ್ಲಿದ್ದ ಅದೇ ಜಾಗದಲ್ಲಿ.

"ಈ ಕಾರ್ಖಾನೆ ನಮ್ಮಪ್ಪಂದು," ಎಂದಳು. "ಸಾಬೂನು ಒಂದೂ ಹೋಗ್ತಿರಲಿಲ್ಲ. ಯಾವನೋ ಮಾಟಗಾರನ್ನ ಕರೆಸಿದ್ರು. ಅವನು ನನ್ನ ಜಡೆ ತುದಿ, ಉಗುರು ಎಲ್ಲ ಸುಟ್ಟು ಕುದಿಯೋ ಕೊಪ್ಪರಿಗೆಗೆ ಹಾಕ್ದ. ಊರೋರೆಲ್ಲ ಇವಳ ಗುರುತು ಹಿಡೀಬೇಕು ಅಂದ್ರೆ ಮನೆಯೋರಿಗೆ ಗುರುತು ಉಳೀಬಾರ್ದು ಅಂದ. ಮೂರನೇ ದಿನ ನಮ್ಮಮ್ಮ ನನ್ನ ಹೊರಗೆ ಬಿಟ್ಟು ಬಾಗಿಲು ಹಾಕ್ಕೊಂಡ್ಳು. ಕೆಲಸಕ್ಕೆ ಅಂತ ಇಲ್ಲೇ ಬಂದು ಸೇರ್ಕೊಂಡೆ. ಈಗಿನ ಮಾಲೀಕ ನನ್ನ ತಮ್ಮನ ಮಗ. ತಿಂಗಳಾದ್ರೆ ನಂಗೆ ಸಂಬಳ ಕೊಡ್ತಾನೆ, ಪಾಪ, ಒಂದಿನಾನೂ ತಡ ಮಾಡಲ್ಲ."

ಪ್ರತಿ ಸಲ ಹೊಸ ಕೊಪ್ಪರಿಗೆ ಕುದಿಸುವಾಗ ಹಳೆಯ ಸಾಬೂನಿನ ಒಂದು ತುಂಡನ್ನು ಒಳಗೆ ಹಾಕುವುದು ಆ ಕಾರ್ಖಾನೆಯ ರೂಢಿ. ಹದ ಕೆಡದಿರಲಿ ಎಂದು ಹಾಕುತ್ತೇವೆ ಎನ್ನುತ್ತಿದ್ದ ಮಾಲೀಕ. ಆ ತುಂಡಿನ ಜೊತೆಗೆ ಅದರ ಹಸಿವೂ ಅರವತ್ತು ವರ್ಷ ಕೊಪ್ಪರಿಗೆಯಿಂದ ಕೊಪ್ಪರಿಗೆಗೆ ದಾಟಿತ್ತು. ಅಚ್ಚು ಒತ್ತಿದರೆ ಸಾಬೂನಿಗೆ ಅವಳ ಮುಖ ಸಿಗುತ್ತಿತ್ತು, ಸುಮ್ಮನಾಗುತ್ತಿತ್ತು. ಅದಕ್ಕೇ ಅಚ್ಚಿನ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

"ಕರಗಿಸಿಬಿಡ್ತೀನಿ," ಎಂದ ಬೆಲೆಯಪ್ಪ. "ಒಡೆದು ಪುಡಿ ಮಾಡ್ತೀನಿ."

"ಮಗೂನೇ ಹೋಗುತ್ತೆ." ಅಜ್ಜಿ ಉಗುರಿನಿಂದ ಬಿಲ್ಲೆಯ ಅಂಚು ಒತ್ತಿ ನೋಡಿದಳು. "ಇನ್ನೂ ಸ್ವಲ್ಪ ಹಸಿ ಇದೆ. ಗಟ್ಟಿಯಾಗೋದ್ರೊಳಗೆ ಬೇರೆ ಯಾರಾದ್ರೂ ಇದ್ರಲ್ಲಿ ಮುಖ ತೊಳ್ಕೋಬೇಕು. ಅದಕ್ಕೆ ಒಂದು ಮುಖ ಸಾಕು. ಆ ಮಾಟಗಾರ ನಮ್ಮಪ್ಪಂಗೂ ಇದನ್ನೇ ಹೇಳಿದ್ದ. ಅಪ್ಪ ಬಿಲ್ಲೆ ಕೈಗೂ ತಗೊಂಡಿದ್ರು. ಅಷ್ಟೊತ್ತಿಗೆ ಅಂಗಡಿಯೋರು ಗೇಟ್ ಮುಂದೆ ಸಾಲು ನಿಂತಿದ್ರು ಸಾಬೂನಿಗೆ. ಕೆಳಗಿಟ್ಬಿಟ್ರು."

ಹೊರಗೆ ನಲ್ಲಿಯ ಹತ್ತಿರ ಕಾವಲುಗಾರ ಕೈ ತೊಳೆಯುತ್ತಿದ್ದ. "ಸಾಬೂನು ಇದೆಯಾ ಸಾರ್?" ಎಂದು ಕೈ ಚಾಚಿದ. ಒಂದು ಕ್ಷಣ, ಒಂದೇ ಒಂದು ಕ್ಷಣ, ಬೆಲೆಯಪ್ಪನ ಕೈ ಮುಂದೆ ಹೋಯಿತು. ಕಾವಲುಗಾರನ ಸೈಕಲ್ಲಿನ ಮುಂದೆ ಮಗುವಿಗೆಂದು ಕಟ್ಟಿಸಿದ ಪುಟ್ಟ ಸೀಟು ಕಂಡಿತು. ಕೈ ಹಿಂದೆ ಬಂತು.

"ಇಲ್ಲಪ್ಪ," ಎಂದ. ಕಾವಲುಗಾರ ಹೋದ.

ಬಟಾಣಿ ಅವನ ಅಂಗಿಯ ತುದಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು. "ಅಪ್ಪಾ, ಮನೆಗೆ ಹೋಗಣ."

"ಹೋಗೋಣ ಬಂಗಾರ. ಮುಖ ತೊಳ್ಕೊಂಡು ಹೋಗೋಣ."

ನಲ್ಲಿ ತಿರುಗಿಸಿದ. ಕೊರಕೊರ ಎಂದು ಗಾಳಿ ಬಂತು. ಆಮೇಲೆ ನೀರು. ಬಿಲ್ಲೆ ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹಣೆಯಷ್ಟು. ಉಜ್ಜಿದ. ನೊರೆ ಬಂತು. ಕಣ್ಣು ಮುಚ್ಚಿದ. ಕತ್ತಲು. ಹಣೆಗೆ ಹಚ್ಚಿದ. ಕೆನ್ನೆಗೆ ಹಚ್ಚಿದ. ಏನೋ ಎಳೆಯಿತು. ಚರ್ಮದ ಒಳಗಿನಿಂದ, ಹಲ್ಲಿನ ಬುಡದಿಂದ ಎಳೆಯಿತು. ಬಿಡಲಿಲ್ಲ. ಇನ್ನೂ ಉಜ್ಜಿದ. ಬೆರಳಡಿಯಲ್ಲಿ ಗುಂಡುಮೂಗು ಕರಗಿತು. ಹಲ್ಲಿನ ಸಂದಿ ಮುಚ್ಚಿತು. ಅಂಗೈ ಮೇಲಿನ ಶಾಯಿ ನೀಲಿಯಾಗಿ ಹರಿಯಿತು. ಅಂಗಿಯ ತುದಿ ಇನ್ನೂ ಬಿಗಿಯಾಗಿತ್ತು. ಇನ್ನೂ ಹಿಡಿದಿದ್ದಾಳೆ. ಇನ್ನೂ ಹಿಡಿದಿದ್ದಾಳೆ. ಒಂದು ಕೈ ಸಡಿಲವಾಯಿತು. ಇನ್ನೊಂದೂ ಸಡಿಲವಾಯಿತು.

ಕಣ್ಣು ಬಿಟ್ಟಾಗ ಮಗು ನಾಲ್ಕು ಹೆಜ್ಜೆ ದೂರ ನಿಂತಿತ್ತು.

"ಅಂಕಲ್," ಎಂದಿತು, "ನಮ್ಮಮ್ಮ ಎಲ್ಲಿ?"

ಮನೆಯ ಗೇಟಿನವರೆಗೆ ಅವನೇ ಕರೆದುಕೊಂಡು ಹೋದ. ಹೆಂಡತಿ ಚಪ್ಪಲಿಯಿಲ್ಲದೆ ಬೀದಿಯಲ್ಲಿ ಓಡಾಡುತ್ತಿದ್ದಳು. ಮಗುವನ್ನು ಕಂಡವಳೇ ಬಾಚಿ ತಬ್ಬಿಕೊಂಡು, "ಎಲ್ಲೋಗಿದ್ದೆ ನನ್ ಬಟಾಣೀ!" ಎಂದು ಗೋಳೋ ಎಂದು ಅತ್ತಳು. ಆಮೇಲೆ ಅವನತ್ತ ತಿರುಗಿ ಕೈಮುಗಿದಳು. "ತುಂಬಾ ಉಪಕಾರ ಆಯ್ತು ನಿಮ್ಮಿಂದ. ಎಲ್ಲೋ ನೋಡಿದ ಹಾಗಿದೆ ನಿಮ್ಮನ್ನ." ಅವನು ಏನೋ ಹೇಳಲು ಬಾಯಿ ತೆರೆದ. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.

ನಲ್ಲಿಕಟ್ಟೆಯ ಮೇಲೆ ಸಿಕ್ಕ, ಅವನ ಮುಖ ಮೂಡಿದ್ದ ಬಿಲ್ಲೆಯನ್ನು ಮಾಲೀಕ ದೊಡ್ಡ ಕಂಪನಿಯವರಿಗೆ ತೋರಿಸಿದ. ನೋಡಿದವರೆಲ್ಲ ಈ ಮುಖ ಎಲ್ಲೋ ಕಂಡಿದ್ದೇವೆ ಎಂದರಂತೆ. ಹೊಸ ಅಚ್ಚು ಬಂತು. ಮೂರೇ ತಿಂಗಳಲ್ಲಿ ಪುಟ್ಟಕ್ಕನನ್ನು ಮೀರಿಸಿ ಮಾರಾಟವಾಯಿತು. ಅದರ ಬೆಲೆ ಕಟ್ಟಲು ಬೇರೊಬ್ಬ ಬಂದಿದ್ದ. ಬೆಲೆಯಪ್ಪ ಈಗ ಅಚ್ಚಜ್ಜಿಯ ಪಕ್ಕದಲ್ಲಿ ನಿಂತು ಅಚ್ಚು ಒತ್ತುತ್ತಾನೆ. ಅವನು ಯಾರೆಂದು ನೆನಪಿರುವವಳು ಅವಳೊಬ್ಬಳೇ. ಬೋಳು ಬಿಲ್ಲೆ ಒಂದೂ ಹೊರಗೆ ಹೋಗದಂತೆ ಇಬ್ಬರೂ ಕಾಯುತ್ತಾರೆ. ಬೀದಿಗಿಳಿದರೆ ಕಂಡಕಂಡವರು ನಗುತ್ತಾರೆ, ತಲೆಯಾಡಿಸುತ್ತಾರೆ, ಹೇಗಿದ್ದೀರಿ ಎನ್ನುತ್ತಾರೆ. ಅವನ ಗುರುತು ಹಿಡಿಯದವರು ಆ ಊರಿನಲ್ಲೇ ಇಲ್ಲ.

ಒಂದು ಸಂಜೆ ಅಂಗಡಿಯಲ್ಲಿ ತಾಯಿ ಮಗಳು ಪಕ್ಕದಲ್ಲೇ ಬಂದು ನಿಂತರು. ಮಗು ಸಾಲಿನಲ್ಲಿದ್ದ ಹತ್ತು ಸಾಬೂನು ಬಿಟ್ಟು ಅವನ ಮುಖವಿದ್ದದ್ದನ್ನೇ ಎತ್ತಿಕೊಂಡಿತು.

"ಅದು ದುಬಾರಿ ಕಣೇ," ಎಂದಳು ತಾಯಿ.

"ಇದೇ ಬೇಕು."

"ಯಾಕೆ?"

"ಗೊತ್ತಿಲ್ಲ. ಇದೇ ಬೇಕು."

ತಾಯಿ ಹೆಚ್ಚಿನ ಬೆಲೆ ಕೊಟ್ಟಳು. ಎಷ್ಟು ಹೆಚ್ಚು ಎಂದು ಅಭ್ಯಾಸಬಲದಿಂದ ಅವನ ಮನಸ್ಸು ಲೆಕ್ಕ ಹಾಕಿತು. ಮಗು ಪೊಟ್ಟಣವನ್ನು ನೋಡಿತು, ತಲೆಯೆತ್ತಿ ಅವನನ್ನು ನೋಡಿತು.

"ಅಂಕಲ್, ಇದು ನೀವೇ ಅಲ್ವಾ?"

"ಹೌದು ಪುಟ್ಟಾ. ನಾನೇ."

ಮಗು ಬಾಯಿ ಅಗಲಿಸಿ ನಕ್ಕಿತು. ಸಂದಿಯಿದ್ದ ಜಾಗದಲ್ಲಿ ಹೊಸ ಹಲ್ಲು ಪೂರ್ತಿ ಬಂದುಬಿಟ್ಟಿತ್ತು.