ದಿನಕ್ಕೊಂದು ಕೆಂಪು

ಕೊಡೆ ಫ್ಯಾಕ್ಟರಿಯ ಗೇಟಿನ ಪಕ್ಕ ಆ ಡಬ್ಬವನ್ನು ತಂದು ನಿಲ್ಲಿಸಿದವಳು ಅವಳೇ. ಅದರ ಮೇಲೆ ಎರಡು ಬಟನ್: ನಗುವ ಹಸಿರು ಮುಖ, ಸಪ್ಪೆ ಮೋರೆಯ ಕೆಂಪು ಮುಖ. 'ಇವತ್ತು ಕೆಲಸ ಹೇಗಿತ್ತು?' ಎಂಬ ಒಂದೇ ಪ್ರಶ್ನೆ. ಮನೆಗೆ ಹೊರಟವರು ಯಾವುದಾದರೂ ಒಂದನ್ನು ಒತ್ತಿ ಹೋಗಬೇಕು. ಯಾರು ಯಾವುದನ್ನು ಒತ್ತಿದರೆಂದು ಯಾರೂ ನೋಡುವುದಿಲ್ಲ ಎಂದು ಅವಳು ಎಲ್ಲರೆದುರು ಮಾತು ಕೊಟ್ಟಿದ್ದಳು.

ಕೆಲಸಗಾರರನ್ನು ಖುಷಿಯಾಗಿಡುವುದೇ ಅವಳ ಉದ್ಯೋಗ. ಹುಟ್ಟುಹಬ್ಬಕ್ಕೆ ಕೇಕ್ ತರಿಸುವವಳು, ಚೆನ್ನಾಗಿ ದುಡಿದವರ ಫೋಟೋ ಗೋಡೆಗೆ ಹಾಕುವವಳು, ಮುಖ ತಿರುಗಿಸಿಕೊಂಡವರನ್ನು ಒಂದೇ ಟೇಬಲ್ಲಿಗೆ ಕೂರಿಸಿ ಉಣ್ಣಿಸುವವಳು. ಎಲ್ಲರ ಬಾಯಲ್ಲೂ ಅವಳು 'ನಗು ಮೇಡಂ'. ಆ ನಗು ಮೇಡಂ ಊಟ ಎಲ್ಲಿ ಮಾಡುತ್ತಾಳೆಂದು ಮಾತ್ರ ಯಾರೂ ಕೇಳಿದವರಲ್ಲ. ಅವಳು ತನ್ನ ರೂಮಿನ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಡಬ್ಬಿ ಬಿಚ್ಚುತ್ತಿದ್ದಳು.

ಗೇಟಿಗೆ ಆ ಡಬ್ಬ ಬಂದಾಗಿನಿಂದ ಎಲ್ಲವೂ ಹಸಿರೋ ಹಸಿರು. ಆದರೆ ದಿನಾ ಸಂಜೆ ತಪ್ಪದೆ ಒಂದು ಕೆಂಪು.

"ಅದ್ಯಾರದು ಅಂತ ಹುಡುಕಿ ಮೇಡಂ," ಎಂದರು ಮ್ಯಾನೇಜರ್. "ಮುಂದಿನ ತಿಂಗಳು ಹೆಡ್ ಆಫೀಸಿನವರು ಬರ್ತಿದಾರೆ. ಈ ಕೆಂಪು ಹಾಗೇ ಇದ್ರೆ ನಿಮ್ಮನ್ನ ಮುಂದುವರಿಸಿ ಅಂತ ನಾನು ಯಾವ ಬಾಯಲ್ಲಿ ಕೇಳ್ಲಿ?"

ಅವಳು ಕೆಳಗಿಳಿದು ಒಂದೊಂದೇ ವಿಭಾಗ ಸುತ್ತಿದಳು. ಬಟ್ಟೆ ಕತ್ತರಿಸುವವರು, ಹೊಲಿಯುವವರು, ಕಡ್ಡಿ ಕೂಡಿಸುವವರು, ಎಲ್ಲರೂ "ನಮಗೇನಾಗಿದೆ ಮೇಡಂ?" ಎನ್ನುವವರೇ. ಕೊನೆಗೆ ಉಳಿದದ್ದು ಚೆಕಿಂಗ್ ರೂಮು. ಅಲ್ಲಿ ಒಬ್ಬನೇ ಒಬ್ಬ, ದೊಡ್ಡ ಬಲ್ಬಿನ ಕೆಳಗೆ ಕೊಡೆಗಳನ್ನು ಬಿಚ್ಚಿ, ತಿರುಗಿಸಿ, ತೂತು ಹುಡುಕಿ ಮಡಚುತ್ತಿದ್ದ. ಅವನನ್ನು ಎಲ್ಲರೂ 'ಛತ್ರಿ' ಎಂದೇ ಕರೆಯುತ್ತಿದ್ದರು. ಬೇರೆ ಯಾರಿಗಾದರೂ ಆ ಹೆಸರಿಟ್ಟಿದ್ದರೆ ಮಹಾ ಕಿಲಾಡಿ ಇರಬೇಕು ಅಂದುಕೊಳ್ಳಬಹುದಿತ್ತು. ಇವನೋ ಪಾಪ, ಬಾಯಿಗೆ ಬೀಗ ಹಾಕಿಕೊಂಡ ಪ್ರಾಣಿ.

"ಏನಾಯ್ತು ಹೇಳಿ. ನಾನು ಕೇಳ್ತೀನಿ," ಎಂದಳು ಅವಳು, ಎಲ್ಲರಿಗೂ ಹೇಳಿದ ಹಾಗೆಯೇ.

ಅವನು ನೀಲಿ ಕೊಡೆಯೊಂದನ್ನು ಬಿಚ್ಚಿದ. ನೀಲಿ ಬೆಳಕು ಅವಳ ಕೆನ್ನೆಯ ಮೇಲೆ ಬಿತ್ತು. ಕೊಡೆಯ ಅಂಚಿನಿಂದ ಎರಡು ಕಣ್ಣು ಇಣುಕಿ, ಅವಳು ನೋಡುತ್ತಿರುವುದು ತಿಳಿದು, ಥಟ್ಟನೆ ಮರೆಯಾದವು.

"ಸ್ಟೂಲ್ ಇದೆ," ಎಂದ. "ಕೂತ್ಕೊಳ್ಳಿ."

ಮರುದಿನವೂ ಕೆಂಪು ಬಿತ್ತು, ಮರುದಿನವೂ ಅವಳು ಇಳಿದು ಬಂದಳು. ಕೆಂಪಿನ ನೆಪ, ಸ್ಟೂಲಿನ ಮೇಲೆ ಹತ್ತು ನಿಮಿಷ. ಒಮ್ಮೆ ಹಳದಿ ಬೆಳಕು, ಒಮ್ಮೆ ಗುಲಾಬಿ.

"ತೂತಿದ್ರೆ ಹೇಗೆ ಗೊತ್ತಾಗುತ್ತೆ?"

"ನಕ್ಷತ್ರದ ಹಾಗೆ ಮಿನುಗುತ್ತೆ."

"ಮನುಷ್ಯರಿಗೂ ಇಂಥದ್ದೊಂದು ಬಲ್ಬ್ ಇದ್ದಿದ್ರೆ ನನ್ನ ಕೆಲಸ ಸಲೀಸಾಗ್ತಿತ್ತು."

"ಇದ್ದಿದ್ರೆ ಮೊದಲು ನೀವೇ ಅದರ ಕೆಳಗೆ ನಿಲ್ಬೇಕಾಗ್ತಿತ್ತು," ಎಂದ ಅವನು, ತಲೆ ಎತ್ತದೆ.

ಅವಳು ನಕ್ಕಳು. ಮೆಟ್ಟಿಲು ಹತ್ತುವಾಗ ಮಾತ್ರ ಕಾಲು ಭಾರವಾಗಿತ್ತು.

ಅವಳ ಮನೆ ಎಂದರೆ ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ವಾರಕ್ಕೊಮ್ಮೆ ಅಕ್ಕನ ಫೋನು: "ಊಟ ಆಯ್ತೇನೇ? ಇಲ್ಲಿ ಮಕ್ಕಳು ಮನೆ ತಲೆ ಮೇಲೆ ಹೊತ್ಕೊಂಡಿದಾರೆ, ಆಮೇಲೆ ಮಾಡ್ತೀನಿ ಕಣೇ." ಆ ಆಮೇಲೆ ಯಾವತ್ತೂ ಬರುತ್ತಿರಲಿಲ್ಲ. ಬೀಗ ತೆಗೆದು ಒಳಗೆ ಬಂದ ಮೇಲೆ ಬೆಳಗಿನವರೆಗೆ ಅವಳ ಬಾಯಿಂದ ಒಂದು ಮಾತೂ ಹೊರಡದ ದಿನಗಳೇ ಹೆಚ್ಚು. ಆದರೂ ದಿನಾ ಸಂಜೆ ಗೇಟಿನಲ್ಲಿ ಅವಳು ಒತ್ತುತ್ತಿದ್ದದ್ದು ಹಸಿರನ್ನೇ. ನಗು ಮೇಡಂ ಇನ್ನೇನು ಒತ್ತಬೇಕು ಹೇಳಿ.

ಒಂದು ಸಂಜೆ ಡಬ್ಬದ ಪ್ಲಗ್ ಸಡಿಲವಾಯಿತು. ಎಲ್ಲರೂ ಹೋಗಿಯಾಯಿತೆಂದು ಅವಳು ಅದರ ಹಿಂದೆ ಮಂಡಿಯೂರಿ ಕೂತು ವೈರ್ ಸರಿಮಾಡುತ್ತಿದ್ದಳು. ಹೆಜ್ಜೆ ಸದ್ದು ಕೇಳಿತು. ಬೆರಳೊಂದು ಕೆಂಪನ್ನು ಒತ್ತಿತು. ಅವಳು ತಟ್ಟನೆ ಎದ್ದಳು. ಎದುರಿಗೆ ಹೆಗಲಿಗೆ ಬ್ಯಾಗು ಹಾಕಿಕೊಂಡ ಛತ್ರಿ.

"ನೀವಾ?" ಎಂದಳು. "ಹೆಸರಿಗೆ ತಕ್ಕ ಹಾಗೇ ಇದೀರಿ. ದಿನಾ ಎದುರಿಗೇ ಕೂರ್ತಿದ್ದೆನಲ್ಲ, ಏನು ಕಷ್ಟ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಕಷ್ಟ ಏನಿಲ್ಲ."

"ಮತ್ತೆ?"

ಅವನು ಬ್ಯಾಗಿನ ಪಟ್ಟಿಯನ್ನು ಹಿಂಡುತ್ತ ನಿಂತ. "ಮೊದಮೊದಲು ನಿಜವಾಗ್ಲೂ ಬೇಜಾರಿತ್ತು, ಒತ್ತಿದೆ. ಆಮೇಲೊಂದು ದಿನ ನೀವು ಬಂದು ಏನಾಯ್ತು ಹೇಳಿ ಅಂದ್ರಿ. ಅಮ್ಮ ಹೋದ್ಮೇಲೆ ನನ್ನನ್ನ ಯಾರೂ ಹಾಗೆ ಕೇಳಿರ್ಲಿಲ್ಲ. ಹಸಿರು ಒತ್ತಿದ್ರೆ ನೀವು ಬರ್ತಿರ್ಲಿಲ್ವಲ್ಲ."

ಅವಳು ಕೈಯಲ್ಲಿದ್ದ ವೈರನ್ನು ಕೆಳಗಿಟ್ಟಳು. ಇಂಥ ಮಾತಿಗೆ ಏನಾದರೂ ಹೇಳಬೇಕು. ಆದರೆ ಎಷ್ಟೋ ವರ್ಷದ ಅಭ್ಯಾಸ, ಬಾಯಿಗೆ ಬಂದದ್ದು ಆಫೀಸಿನ ಮಾತೇ. "ನನ್ನ ಕೆಲಸದ ಪ್ರಶ್ನೆ ಇದು. ನಾಳೆಯಿಂದ ದಯವಿಟ್ಟು ಹಸಿರು ಒತ್ತಿ."

ಅವನು ಅವಳನ್ನೊಮ್ಮೆ ನೋಡಿದ. "ಆಯ್ತು ಮೇಡಂ," ಎಂದು ಹೊರಟುಹೋದ.

ಮರುದಿನದಿಂದ ಕೆಂಪು ಇಲ್ಲ. ಕೆಂಪಿಲ್ಲದ ಮೇಲೆ ಕೆಳಗಿಳಿಯಲು ನೆಪವೂ ಇಲ್ಲ. ಊಟದ ಡಬ್ಬಿ ಅರ್ಧಕ್ಕೇ ಮುಚ್ಚತೊಡಗಿತು. ಎಷ್ಟೋ ಸಲ ಮೆಟ್ಟಿಲ ತುದಿಯವರೆಗೆ ಹೋಗಿ ವಾಪಸ್ಸು ಬಂದಳು. ತನಗೆ ಅವನು ಬೇಕು ಎಂಬುದು ಅವಳಿಗೆ ಅಲ್ಲಿ, ಆ ಮೆಟ್ಟಿಲ ತುದಿಯಲ್ಲಿ, ಕಂಬಿ ಹಿಡಿದು ನಿಂತಾಗ ತಿಳಿಯಿತು.

ಹೆಡ್ ಆಫೀಸಿನವರು ಬಂದರು. ತಿಂಗಳ ಹಸಿರು ಕಂಡು ಬಾಯ್ತುಂಬ ಹೊಗಳಿದರು. ಕ್ಯಾಂಟೀನಿನಲ್ಲಿ ಕೇಕ್ ಕತ್ತರಿಸಿ ಮ್ಯಾನೇಜರ್ ಘೋಷಿಸಿದರು: "ನಮ್ಮ ನಗು ಮೇಡಂಗೆ ಪ್ರಮೋಷನ್! ಇನ್ಮೇಲೆ ದೂರದ ದೊಡ್ಡ ಬ್ರಾಂಚ್. ಅಲ್ಲೂ ಎಲ್ಲರನ್ನ ನಗಿಸ್ತಾರೆ." ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಅವನೂ ತಟ್ಟುತ್ತಿದ್ದ, ನೆಲ ನೋಡಿಕೊಂಡು. ಅವಳು ನಕ್ಕಳು, ಫೋಟೋಗೆ ನಿಂತಳು, ಕೇಕ್ ಹಂಚಿದಳು. ತನ್ನ ಪಾಲಿನ ಚೂರನ್ನು ತಟ್ಟೆಯಲ್ಲೇ ಬಿಟ್ಟಳು.

ಸಂಜೆ ಎಲ್ಲರೂ ಒತ್ತಿ ಹೋದರು. ಕೊನೆಗೆ ಅವಳು ಡಬ್ಬದ ಮುಂದೆ ನಿಂತಳು. ಇವತ್ತು ಕೆಲಸ ಹೇಗಿತ್ತು? ಅಭ್ಯಾಸಬಲದಿಂದ ಕೈ ಹಸಿರಿಗೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಅವಳು ಕೆಂಪನ್ನು ಒತ್ತಿದಳು. ಅದು ಕೂಡಾ ಮೆಲ್ಲಗಲ್ಲ, ಅಂಗೈಯಿಂದ ಗಟ್ಟಿಯಾಗಿ.

"ಏನಾಯ್ತು ಹೇಳಿ," ಎಂದಿತು ಹಿಂದಿನಿಂದ ಒಂದು ದನಿ. "ನಾನು ಕೇಳ್ತೀನಿ."

ಅವಳು ತಿರುಗಲಿಲ್ಲ. ಕಣ್ಣು ತುಂಬಿ ಎರಡು ಮುಖಗಳೂ ಕಲಸಿಹೋಗಿದ್ದವು.

"ನಾಳೆ ಸಾಹೇಬರು ಆ ಕೆಂಪು ಯಾರದು ಅಂತ ಹುಡುಕಿಸ್ತಾರೆ," ಎಂದ ಅವನು, ಮೆತ್ತಗೆ.

"ಹುಡುಕೋಳು ನಾನೇ ತಾನೆ," ಎಂದಳು. ಅಳುವಿನ ನಡುವೆಯೂ ನಗು ಬಂತು. "ನನಗೆ ಹೋಗೋಕೆ ಇಷ್ಟ ಇಲ್ಲ."

"ಬ್ರಾಂಚಿಗಾ?"

"ಬ್ರಾಂಚಿಗೂ ಇಲ್ಲ, ನನ್ನ ಮನೆಗೂ ಇಲ್ಲ. ಅಲ್ಲಿ ಯಾರೂ ಇಲ್ಲ." ಈಗ ತಿರುಗಿದಳು. "ನಿಮ್ಮ ಸ್ಟೂಲ್ ಮೇಲೆ ಕೂರೋಕೆ ನನಗೆ ಇನ್ನೇನೂ ನೆಪ ಉಳಿದಿಲ್ಲ. ನೆಪ ಇಲ್ದೆ ಬರಬಹುದಾ?"

ಮರೆಯಾಗಲು ಅವನ ಕೈಯಲ್ಲಿ ಈಗ ಕೊಡೆ ಇರಲಿಲ್ಲ. ಕಿವಿಯವರೆಗೂ ಕೆಂಪಾಗಿ, ಕಣ್ಣು ತಪ್ಪಿಸದೆ ನಿಂತ. ಆಮೇಲೆ ಹೆಗಲ ಬ್ಯಾಗನ್ನು ಗೇಟಿನ ಪಕ್ಕದ ಬೆಂಚಿನ ತುದಿಗೆ ಇಟ್ಟು, ಅವಳಿಗೆ ಜಾಗ ಬಿಟ್ಟು ಕೂತ.

"ಮೊದಲಿಂದ ಹೇಳಿ," ಎಂದ. "ನನಗೇನೂ ಅವಸರ ಇಲ್ಲ."