ಪಕ್ಕದ ಮಂಚದ ಅಜ್ಜಿ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಮಿದುಳಿನಲ್ಲಿ ರಕ್ತಸ್ರಾವವಾದವರ ಕಣತಲೆಗೆ ಅಲ್ಟ್ರಾಸೌಂಡ್ ಪ್ರೋಬ್ ಒತ್ತಿ, ಒಳಗೆ ರಕ್ತ ಹರಿಯುವ ಸದ್ದು ಕೇಳುವುದು ನನ್ನ ಕೆಲಸ. ನಾಳ ಕಿರಿದಾದರೆ ಸದ್ದು ಕೀರಲಾಗುತ್ತದೆ. ತಡಮಾಡಿದರೆ ಲಕ್ವ ಹೊಡೆಯುತ್ತದೆ.

ಅಂದು ಹಾಡಹಗಲು. ಮಂಚದಲ್ಲಿದ್ದ ಬಸ್ ಡ್ರೈವರ್ ಮಹಾ ಮಾತುಗಾರ.

"ತಲೇಲಿ ಏನಾದ್ರೂ ಸಿಕ್ತಾ ಸಾರ್? ಏನೂ ಇಲ್ಲ ಅಂತ ನನ್ ಹೆಂಡ್ತಿ ಪಂದ್ಯ ಕಟ್ಟಿದ್ದಾಳೆ."

ನಕ್ಕೆ. ಸದ್ದು ಸರಿಯಾಗಿಯೇ ಇತ್ತು. ನಾನು ಹೊರಡುವಾಗ ಆತ ಪಕ್ಕದ ಖಾಲಿ ಮಂಚದತ್ತ ಕೈ ತೋರಿಸಿದ.

"ಆ ಅಜ್ಜಿಗೂ ನೋಡಿ ಸಾರ್. ಪಾಪ, ಆಗಿನಿಂದ ಕಾಯ್ತಿದ್ದಾರೆ."

ಇಂಥ ರೋಗಿಗಳು ಹೀಗೆ ಮಾತಾಡುವುದುಂಟು. ಸಮಾಧಾನವಾಗಲೆಂದು ಪ್ರೋಬನ್ನು ಆ ದಿಂಬಿನ ಮೇಲಿಟ್ಟೆ. ದಿಂಬು ಬೆಚ್ಚಗಿತ್ತು. ಯಂತ್ರ 'ಶೂ... ಶೂ...' ಎಂದಿತು. ಕೇಳುತ್ತಿದ್ದಂತೆ ಸದ್ದು ಕೀರಲಾಯಿತು. ಥಟ್ಟನೆ ಪ್ರೋಬ್ ಎತ್ತಿಕೊಂಡೆ.

"ನಿಂದೇ ಇನ್ನೊಂದ್ಸಲ ನೋಡಿಸ್ಕೋ ಅಂತಿದ್ದಾರೆ ಅಜ್ಜಿ," ಎಂದ ಡ್ರೈವರ್, ನಗುತ್ತಲೇ.

ನೋಡಿದೆ. ಆತನ ಎಡಗಡೆಯ ನಾಳದಿಂದ ಅದೇ ಕೀರಲು ಸದ್ದು. ಎದ್ದೆನೋ ಬಿದ್ದೆನೋ ಎಂದು ಓಡಿ ಡಾಕ್ಟರನ್ನು ಕರೆತಂದೆ. ಚಿಕಿತ್ಸೆ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಕೆಲವು ವಾರಗಳಲ್ಲಿ ಆತ ಹೆಂಡತಿಯನ್ನು ರೇಗಿಸುತ್ತ, ತನ್ನ ಕಾಲಲ್ಲೇ ನಡೆದು ಮನೆಗೆ ಹೋದ.

ಆ ಮಂಚದಲ್ಲಿ ಹಿಂದೆ ಯಾವ ಅಜ್ಜಿ ಇದ್ದರು ಎಂದು ವಾರ್ಡಿನ ಸಿಸ್ಟರನ್ನು ಕೇಳಿದೆ.

"ಯಾವ ಅಜ್ಜೀನೂ ಇಲ್ಲ," ಎಂದರು ಅವರು. "ಆ ಮಂಚ, ದಿಂಬು ಎಲ್ಲಾ ಅವತ್ತು ಬೆಳಿಗ್ಗೆ ತಾನೇ ಅಂಗಡಿಯಿಂದ ಬಂದಿದ್ದು. ಅದಕ್ಕೂ ಮೊದ್ಲು ಅಲ್ಲಿ ಮಂಚಾನೇ ಇರ್ಲಿಲ್ಲ."