ಸಡಿಲಿಸಿಟ್ಟ ಮುಚ್ಚಳಗಳು

"ಬಿಡಿ. ನಾನೇ ತೆಗೀತೀನಿ."

ಮರ್ಡಾಕ್‌ಗೆ ವಿಲ್ಡಾ ಹೇಳಿದ ಮೊದಲ ಮಾತೇ ಇದು!

ಕಡಲ ದಂಡೆಯ ಲೂನೆನ್‌ಬರ್ಗ್ ಊರಿನ ಚರ್ಚ್ ಅಡುಗೆಮನೆಯಲ್ಲಿ, ಊರವರೆಲ್ಲ ಸೇರುವ ಶನಿವಾರದ ಬೀನ್ಸ್ ಊಟಕ್ಕೆ ತಯಾರಿ ನಡೆದಿತ್ತು. ಬೀನ್ಸ್ ಜೊತೆಗೆ ಹಸಿ ಟೊಮೇಟೊ ಉಪ್ಪಿನಕಾಯಿ ಇಲ್ಲದಿದ್ದರೆ ಆ ಊರಿನವರು ತಟ್ಟೆಯನ್ನೇ ಮುಟ್ಟುವುದಿಲ್ಲ. ಉಪ್ಪಿನಕಾಯಿ ವಿಲ್ಡಾಳ ಜವಾಬ್ದಾರಿ. ಸಂಧಿವಾತದಿಂದ ಗೆಣ್ಣುಗಳು ಊದಿಕೊಂಡಿದ್ದ ಕೈಯಲ್ಲಿ ಆಕೆ ಜಾಡಿಯ ಮುಚ್ಚಳದೊಂದಿಗೆ ಗುದ್ದಾಡುತ್ತಿದ್ದಳು. ಪಾತ್ರೆ ಎತ್ತಿಡಲು ಬಂದಿದ್ದ ದೋಣಿ ರಿಪೇರಿಯ ಮರ್ಡಾಕ್, ಪಾಪ, ಸಹಾಯಕ್ಕೆಂದು ಕೈ ಚಾಚಿದ್ದ.

ಆಕೆಯ ಕಣ್ಣು ಕೆಂಪಾದದ್ದು ನೋಡಿ ತೆಪ್ಪಗೆ ಹಿಂದೆ ಸರಿದ. ಆ ಜಾಡಿ ತೆರೆಯುವ ಹೊತ್ತಿಗೆ ಊಟ ಬಡಿಸುವ ಹೊತ್ತೇ ಮೀರಿತ್ತು. ಆದರೆ ಮುಚ್ಚಳ ಕೊನೆಗೂ ತಿರುಗಿದಾಗ ಅವಳ ಮುಖದಲ್ಲಿ ಅರಳಿದ ನಗು ಇತ್ತಲ್ಲ... ಮರ್ಡಾಕ್ ಅಲ್ಲೇ ಸೋತುಹೋದ!

ಮುಂದಿನ ಶನಿವಾರವೂ ಬಂದ, ಅದರಾಚೆಯ ಶನಿವಾರವೂ ಬಂದ. ಬೇಸಿಗೆ ಮುಗಿಯುವಷ್ಟರಲ್ಲಿ ಇಬ್ಬರೂ ಏಕವಚನಕ್ಕೆ ಇಳಿದಿದ್ದರು. ಹಿಮ ಬೀಳುವ ಮೊದಲೇ ಅವನು ಮದುವೆಯ ಮಾತೆತ್ತಿದ.

'ಹೂಂ' ಅನ್ನಲು ವಿಲ್ಡಾಳಿಗೆ ಎಷ್ಟು ಆಸೆ! ಆದರೆ... ಶರ್ಟಿನ ಗುಂಡಿ ಹಾಕಿಕೊಳ್ಳುವುದಕ್ಕೇ ಬೆಳಗಿನ ಹೊತ್ತೆಲ್ಲ ಕಳೆಯುವ ನಾನು ಇನ್ನೊಬ್ಬರ ಕೊರಳಿಗೆ ಗಂಟುಬೀಳುವುದೇ? ಕೈ ಸುಧಾರಿಸಲಿ, ಆಮೇಲೆ ನೋಡೋಣ ಎಂದುಬಿಟ್ಟಳು. ಅವನು ಒತ್ತಾಯಿಸಲಿಲ್ಲ.

ಕೈ ಎಷ್ಟು ಸುಧಾರಿಸಿದೆ ಎಂದು ವರ್ಷಕ್ಕೊಮ್ಮೆ ಅಳೆಯುವವಳು ಕ್ಲಿನಿಕ್‌ನ ಕಾರ್ಲಾ. ಕಳೆದ ವಾರ ಬಿಗಿ ಮುಚ್ಚಳ ತೆಗೆಯಲು ಎಷ್ಟು ಕಷ್ಟವಾಯಿತು, ಬೀಗದ ಕೈ ತಿರುಗಿಸಲು ಎಷ್ಟು, ಭಾರ ಎತ್ತಲು ಎಷ್ಟು... ಹೀಗೆ ಒಂದೊಂದಕ್ಕೂ ಅಂಕ. ಒಟ್ಟು ಅಂಕ ಇಳಿದಷ್ಟೂ ಕೈ ಚೆನ್ನಾಗಿದೆ ಎಂದರ್ಥ.

ವಸಂತ ಬಂದಾಗ ಅಂಕ ಇಳಿದಿತ್ತು! ಮುಚ್ಚಳ ತೆಗೆಯುವುದು ಸಲೀಸು, ಬೀಗ ಸಲೀಸು, ಸಕ್ಕರೆ ಚೀಲವೂ ಸಲೀಸು. ಇವತ್ತೇ ಅವನಿಗೆ 'ಹೂಂ' ಎಂದುಬಿಡಬೇಕು ಅಂದುಕೊಂಡಳು.

ಆದರೆ ಕಾರ್ಲಾಳ ಹುಬ್ಬು ಗಂಟಿಕ್ಕಿತ್ತು. ಹಿಡಿತದ ಬಲ ತೋರಿಸುವ ಉಪಕರಣವನ್ನು ವಿಲ್ಡಾ ಎಷ್ಟು ಹಿಂಡಿದರೂ ಮುಳ್ಳು ಹಳೆಯ ಜಾಗದಲ್ಲೇ ನಿಂತಿತ್ತು. ಕಾರ್ಲಾ ಕಪಾಟಿನಿಂದ ಅಂಗಡಿಯ ಹೊಸ ಜಾಮ್ ಬಾಟಲಿಯೊಂದನ್ನು ತಂದು ಮುಂದಿಟ್ಟಳು. ಅದರ ಮುಚ್ಚಳ ಅಲುಗಲೂ ಇಲ್ಲ.

"ವಿಲ್ಡಾ, ನಿಮ್ಮ ಕೆಲಸ ಯಾರೋ ಸುಲಭ ಮಾಡಿಕೊಡ್ತಿದಾರೆ."

ಶನಿವಾರ ವಿಲ್ಡಾ ಎಲ್ಲರಿಗಿಂತ ಮೊದಲೇ ಚರ್ಚ್ ಅಡುಗೆಮನೆಗೆ ಹೋದಳು. ಒಳಗೆ ಮರ್ಡಾಕ್ ಸಿಳ್ಳೆ ಹಾಕುತ್ತಾ ಜಾಡಿಗಳನ್ನು ಸಾಲಾಗಿಟ್ಟು, ಒಂದೊಂದರ ಮುಚ್ಚಳವನ್ನೂ ಸಡಿಲಿಸಿ, ಮತ್ತೆ ಮೆಲ್ಲಗೆ ಕೂರಿಸುತ್ತಿದ್ದ. ಸಕ್ಕರೆಯನ್ನು ಆಗಲೇ ಸಣ್ಣ ಚೀಲಗಳಿಗೆ ಸುರಿದಾಗಿತ್ತು. ಬಾಗಿಲ ಬೀಗದಲ್ಲಿ ಎಣ್ಣೆ ಮಿನುಗುತ್ತಿತ್ತು.

ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ನನ್ನಿಂದ 'ಹೂಂ' ಅನ್ನಿಸೋಕೆ ಹೀಗೆ ಮೋಸ ಮಾಡಿದ್ಯಾ?"

ಮರ್ಡಾಕ್ ಬೆಚ್ಚಿ ತಿರುಗಿದ. "ಇಲ್ಲ. ಮದುವೆ ಮಾತೆತ್ತೋಕೂ ಮುಂಚಿನಿಂದ ಮಾಡ್ತಿದೀನಿ. ನೀನು ಬೈದೆಯಲ್ಲ, ಅದರ ಮುಂದಿನ ವಾರದಿಂದ."

"ನನ್ನ ಕೇಳದೆ?"

"ಕೇಳಿದ್ರೆ ನೀನು ಇನ್ನೊಂದ್ಸಲ ಬೈತಿದ್ದೆ. ನಿನ್ನ ಅಂಕ ಕೆಡಿಸ್ತಿದೀನಿ ಅಂತ ನಂಗೆ ಹೊಳೀಲಿಲ್ಲ, ಅದು ತಪ್ಪು." ಅವನ ದನಿ ತಗ್ಗಿತು. "ಆದ್ರೆ ಕೈ ಸರಿಹೋದ್ರೆ ಮಾತ್ರ ಮದುವೆ ಅಂತ ಷರತ್ತು ಹಾಕಿದ್ದು ನೀನು. ನಾನು ಯಾವತ್ತಾದ್ರೂ ಹಾಕಿದ್ನಾ?"

ಹೌದು... ಅವನು ಒಂದು ಸಲವೂ ಹಾಕಿರಲಿಲ್ಲ. ಇಷ್ಟು ದಿನ ನಾನು ಯಾರಿಗಾಗಿ ಅಂಕ ಎಣಿಸುತ್ತಿದ್ದೆ?

ವಿಲ್ಡಾ ಒಂದು ಜಾಡಿಯನ್ನು ಅವನತ್ತ ತಳ್ಳಿದಳು. "ಬಿಗಿ ಮಾಡು. ಪೂರ್ತಿ."

ಅವನು ಬಿಗಿ ಮಾಡಿದ. ವಿಲ್ಡಾ ಎರಡೂ ಕೈಯಿಂದ ತಿರುಗಿಸಿದಳು, ಕೈಬಟ್ಟೆ ಸುತ್ತಿ ತಿರುಗಿಸಿದಳು, ತುಟಿ ಕಚ್ಚಿ ತಿರುಗಿಸಿದಳು. ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಮರ್ಡಾಕ್ ಉಸಿರು ಬಿಗಿಹಿಡಿದು ನಿಂತೇ ಇದ್ದ.

ಕೊನೆಗೆ ವಿಲ್ಡಾ ನಕ್ಕುಬಿಟ್ಟಳು. ಕಣ್ಣಲ್ಲಿ ನೀರೂ ಬಂತು. ಜಾಡಿಯನ್ನು ಅವನ ಮುಂದೆ ಹಿಡಿದಳು.

"ತೆಗೆದುಕೊಡು, ಮರ್ಡಿ."

ಅವಳು ಬಾಯಿಬಿಟ್ಟು ಸಹಾಯ ಕೇಳಿದ್ದು ಅದೇ ಮೊದಲು. ಅವನು ಮುಚ್ಚಳ ತಿರುಗಿಸಿ ಜಾಡಿಯನ್ನು ಅವಳ ಕೈಗಿಟ್ಟ.

"ಇವತ್ತಿಗೆ ಮಾತ್ರನಾ?" ಎಂದ ಮೆಲ್ಲಗೆ.

"ಯಾವಾಗ್ಲೂ. ಆದ್ರೆ ಮೊದಲು ನಾನು ತಿರುಗಿಸಿ ನೋಡ್ತೀನಿ. ನಾನು ಕೇಳಿದ ಮೇಲೇನೇ ನೀನು."

"ಹಾಗೇ ಆಗ್ಲಿ." ಊದಿದ ಆ ಬೆರಳುಗಳನ್ನು ಅವನು ತನ್ನ ಅಂಗೈಯೊಳಗೆ ಹಗುರಾಗಿ ತೆಗೆದುಕೊಂಡ. "ಕಾರ್ಲಾಗೆ ಏನು ಹೇಳ್ತೀಯಾ?"

"ಬಿಗಿ ಮುಚ್ಚಳ ತೆಗೆಯೋಕೆ ಆಗಲೇ ಇಲ್ಲ ಅಂತ ನಿಜ ಹೇಳ್ತೀನಿ," ಎಂದಳು ವಿಲ್ಡಾ. "ಹಾಗೇ ಮದುವೆಗೂ ಕರೀತೀನಿ."